ಇನ್ನೂರು ನಕಲಿ ಅಪ್ಪಂದಿರು

ಗದಗಿನ ನಮ್ಮ ಪುಟ್ಟ ಕಂಪನಿಗೆ ಒಣಮೆಣಸಿನಕಾಯಿ ಹರಾಜಿನ ತಂತ್ರಾಂಶ ಮಾಡುವ ಕೆಲಸ ಸಿಕ್ಕಿತ್ತು. ವರ್ತಕರು ಮೊಬೈಲಿನಲ್ಲೇ ದರ ಏರಿಸಬೇಕು. ಹೊತ್ತು ಮುಗಿದಾಗ ಯಾರ ದರ ಮೇಲಿರುತ್ತದೋ ಅವರಿಗೆ ಮಾಲು. ಮೊದಲ ಹರಾಜಿನಲ್ಲೇ ಯಂತ್ರ ಕೈಕೊಟ್ಟರೆ ನನ್ನ ನೌಕರಿಗೂ ಎಳ್ಳುನೀರು.

ಅದಕ್ಕೇ ಮೊದಲು ಎಮ್ಯುಲೇಶನ್. ಹೆಸರಷ್ಟೇ ದೊಡ್ಡದು. ಆಫೀಸಿನ ಹೊಸ ಕಂಪ್ಯೂಟರಿಗೆ ‘ನೀನು ಹರಾಜು ನಡೆಸಬೇಕಾದ ಮಾರುಕಟ್ಟೆಯ ಮುದಿ ಕಂಪ್ಯೂಟರ್ ಡಬ್ಬಾ, ನಿನ್ನ ನೆಟ್ ಕುಂಟುತ್ತದೆ’ ಎಂದು ನಂಬಿಸಿ, ಅದರ ಮೇಲೆ ಸುಳ್ಳು ವರ್ತಕರನ್ನು ಛೂ ಬಿಟ್ಟು, ಉತ್ತರ ಕೊಡಲು ಎಷ್ಟು ಹೊತ್ತು ತಿನ್ನುತ್ತದೆಂದು ಅಳೆಯುವುದು. ನಮ್ಮ ಸಾಹೇಬರು ತಯಾರಿಸಿದ ಇನ್ನೂರು ವರ್ತಕರೋ, ಪರಮ ಸಂಭಾವಿತರು! ಗಂಟೆಯುದ್ದಕ್ಕೂ ಒಬ್ಬರಾದ ಮೇಲೊಬ್ಬರು ಬಂದು, ಒಮ್ಮೆ ಗುಂಡಿ ಒತ್ತಿ, ಕೈಕಟ್ಟಿ ಕೂರುತ್ತಿದ್ದರು. ಪರದೆಯೆಲ್ಲ ಹಸಿರು, ಯಂತ್ರ ಪಾಸು. ಸಾಹೇಬರು ಖುಷಿಯಾಗಿ ಎಲ್ಲರಿಗೂ ತಿನ್ನಲು ಗಿರ್ಮಿಟ್ ತರಿಸಿದರು.

ನನಗೆ ಮೈಯೆಲ್ಲ ಉರಿಯಿತು. ನಾನು ಬೆಟಗೇರಿಯ ಮೆಣಸಿನಕಾಯಿ ವರ್ತಕನ ಮಗಳು. ನಮ್ಮಪ್ಪ ಹರಾಜಿನುದ್ದಕ್ಕೂ ಕಾಯಿ ಮೂಸಿ, ಚಹಾ ಹೀರಿ, ಮಾಲೇ ಬೇಡವೆಂಬಂತೆ ಆಕಳಿಸಿ, ಕಟ್ಟಕಡೆಯ ನಿಮಿಷದಲ್ಲಿ ಮೇಲಿಂದ ಮೇಲೆ ದರ ಕೂಗುವ ಆಸಾಮಿ. ಕೈಗೆ ಮೊಬೈಲ್ ಕೊಟ್ಟರೆ ತಗಣಿ ಹೊಸಕಿದಂತೆ ಗುಂಡಿ ಒತ್ತುವವನೇ. ಉಳಿದವರೂ ಅವನ ಅಚ್ಚೇ. ಸಾಹೇಬರ ಸಂಭಾವಿತರನ್ನೆಲ್ಲ ಅಳಿಸಿ ಇನ್ನೂರು ಅಪ್ಪಂದಿರನ್ನು ಕೂರಿಸಿದೆ. ಕಡೆಯ ನಿಮಿಷ ಬಂತು, ಯಂತ್ರ ಅಂಗಾತ ಬಿತ್ತು.

“ಏನ್ರಿ ಮೇಡಂ, ಮನುಷ್ಯಾರು ಇಷ್ಟು ಕಿಲಾಡಿ ಇರ್ತಾರೇನ್ರಿ?” ಎಂದರು ಸಾಹೇಬರು.

“ನಮ್ಮ ಮನಿಗೆ ಬರ್ರಿ ಸರ್. ಖರೇ ನಮೂನಿ ತೋರಸ್ತೀನಿ.”

ಅವರು ಬರಲಿಲ್ಲ. ಆದರೆ ಯಂತ್ರ ಬಿದ್ದದ್ದನ್ನು ಕಣ್ಣಾರೆ ಕಂಡಿದ್ದರಿಂದ ಸರಿಪಡಿಸಲು ನನಗೆ ಬಿಟ್ಟರು. ಇನ್ನೂರು ಅಪ್ಪಂದಿರು ಒಟ್ಟಿಗೆ ಮೈಮೇಲೆ ಬಿದ್ದರೂ ಒಂದು ದರವೂ ತಪ್ಪಿಹೋಗದಷ್ಟು ಗಟ್ಟಿ ಮಾಡಿದೆ. ಮನೆಯಲ್ಲಿ ಇದನ್ನೆಲ್ಲ ಹೇಳಿದಾಗ ಅಪ್ಪ ಬಿದ್ದುಬಿದ್ದು ನಕ್ಕಿದ್ದ.

ಹರಾಜಿನ ದಿನ ಕಡೆಯ ನಿಮಿಷದವರೆಗೆ ಒಬ್ಬ ಪುಣ್ಯಾತ್ಮನೂ ಗುಂಡಿ ಮುಟ್ಟಲಿಲ್ಲ. ಆಮೇಲೆ ಎಲ್ಲರೂ ಒಮ್ಮೆಲೇ ಮುಗಿಬಿದ್ದರು. ಯಂತ್ರ ಕದಲಲಿಲ್ಲ. ಅಬ್ಬಾ, ನೌಕರಿ ಉಳಿಯಿತು! ಕುಣಿಯುವುದೊಂದು ಬಾಕಿ.

ಮನೆಗೆ ಬಂದರೆ ಅಪ್ಪ ಮುಖ ಊದಿಸಿಕೊಂಡು ಕೂತಿದ್ದ. ಬೆಳ್ಳಟ್ಟಿಯಿಂದ ಬಂದ ಮೆಣಸಿನಕಾಯಿ ಮೇಲೆ ಅವನ ಕಣ್ಣಿತ್ತು. ಎಂದಿನಂತೆ ಕಡೆಯ ಕ್ಷಣದಲ್ಲಿ ದರ ಏರಿಸಿದ್ದ. ಅವನ ಬೆನ್ನಿಗೇ ಎದುರಂಗಡಿಯವನೂ ಏರಿಸಿದ್ದ. ಅದನ್ನೂ ನನ್ನ ಯಂತ್ರ ತಪ್ಪದೆ ತೆಗೆದುಕೊಂಡಿತ್ತು; ಮಾಲು ಎದುರಂಗಡಿಯ ಪಾಲಾಗಿತ್ತು.

“ಯಾಕಪ್ಪಾ, ಊಟ ಮಾಡಿಲ್ಲೇನು?” ಎಂದೆ.

“ಇನ್ನೂರು ನಕಲಿ ಅಪ್ಪಗೋಳನ್ನ ಸಂಬಾಳಿಸಿದಿ ಬೇ,” ಎಂದ. “ಖರೇ ಅಪ್ಪ ಗುಂಡಿ ಒತ್ತಿದ ಮ್ಯಾಲೆ ಒಂದ್ ಗಳಿಗಿ ಬಂದ್ ಬೀಳಾಕ ಏನ್ ಧಾಡಿ ಆಗಿತ್ತು ನಿನ್ನ ಡಬ್ಬಾಕ್ಕ?”