ಬ್ಯಾಟರಿ ಇಳಿದಿರಲಿಲ್ಲ

ಸಿಂದಗಿ ಬಸ್‌ಸ್ಟ್ಯಾಂಡಿನ ಹತ್ತಿರ ಹೊಸದೊಂದು ಚಹಾದಂಗಡಿ ಆಗಿದೆ. ಚಂದ ಕಾಣಲಿ ಎಂದು ಹಳೆಯ ಹಾಡಿನ ಪ್ಲೇಟುಗಳನ್ನು ಗೋಡೆಗೆ ಮೊಳೆ ಹೊಡೆದು ಕೂರಿಸಿದ್ದಾರೆ. ಹೋದ ವಾರ ಅಲ್ಲಿ ಕುಳಿತಾಗ ನನ್ನ ತಲೆಯ ಪಕ್ಕದಲ್ಲೇ ಒಂದು ಸಣ್ಣ ಪ್ಲೇಟು ಇತ್ತು, ಅಂಗೈಗಿಂತ ತುಸು ದೊಡ್ಡದು. ಅದು ಅಕ್ಕನ ಪ್ಲೇಟು ಅಲ್ಲವೆಂದು ಗೊತ್ತಿತ್ತು. ಆದರೂ ಚಹಾ ಅರ್ಧಕ್ಕೇ ಬಿಟ್ಟು ಎದ್ದೆ. ಐವತ್ತು ವರ್ಷವಾಗುತ್ತ ಬಂತು, ನನ್ನ ಸಿಟ್ಟು ಹೋಗಿಲ್ಲ.

ಅಕ್ಕ ನನ್ನ ಒಡಹುಟ್ಟಿದವಳಲ್ಲ. ಇಂಡಿಯಲ್ಲಿ ನಮ್ಮ ಎದುರು ಮನೆಯವಳು, ಇಡೀ ಓಣಿಗೆ ಅಕ್ಕ. ಮದುವೆ, ತೊಟ್ಟಿಲು, ಏನಿದ್ದರೂ ಅವಳೇ ಹಾಡಬೇಕು, ನಾನು ಹಿಂದೆ ಕುಳಿತು ತಾಳ ಹಾಕಬೇಕು. ಆಗಿನ್ನೂ ನನಗೆ ಓದು ಬರಹ ಬರುತ್ತಿರಲಿಲ್ಲ, ರಾತ್ರಿ ಶಾಲೆಗೆ ಹೋದದ್ದು ಆಮೇಲೆ.

ಅವಳದು ದಪ್ಪ ದನಿ. ಹಾಗಂದರೆ ಸಾಲದು. ಜೋಳ ತುಂಬಿಡಲು ನೆಲದೊಳಗೆ ಹಗೇವು ತೋಡುತ್ತಾರಲ್ಲ, ಅದರ ಬಾಯಿಗೆ ಬಗ್ಗಿ ಮಾತಾಡಿದರೆ ಮಾತು ಒಳಗೆಲ್ಲ ಸುತ್ತಿ, ಬೆಚ್ಚಗಾಗಿ ಮೇಲೆ ಬರುತ್ತದೆ. ಹಾಗಿತ್ತು. ಸಿನಿಮಾದ ಹೆಣ್ಣುಮಕ್ಕಳೆಲ್ಲ ಸೂಜಿಯಂಥ ದನಿಯಲ್ಲಿ ಹಾಡುತ್ತಿದ್ದ ಕಾಲ. ಆ ದನಿ ಕೇಳುವವನನ್ನು ರಮಿಸುತ್ತದೆ. ಅಕ್ಕನ ದನಿ ಸುಮ್ಮನೆ ಬಂದು ಪಕ್ಕದಲ್ಲಿ ಕುಳಿತುಬಿಡುತ್ತಿತ್ತು. ಜಗಳವಾಡಿ ಮಾತು ಬಿಟ್ಟ ಗಂಡ ಹೆಂಡಿರೂ ಒಂದೇ ಕಟ್ಟೆಯ ಮೇಲೆ ಕೂತು ಕೇಳುತ್ತಿದ್ದರು...

"ಹಗೇದಾಗ ಇಳದು ಹಾಡ್ತಿಯೇನ ಯಕ್ಕಾ?" ಎಂದು ಯಾರಾದರೂ ಚೇಷ್ಟೆ ಮಾಡಿದರೆ, "ಬಾ, ನಿನ್ನೂ ಇಳಸಿ ಮ್ಯಾಲ ಕಲ್ಲ ಮುಚ್ತೇನಿ" ಅನ್ನುತ್ತಿದ್ದಳು.

ಎಪ್ಪತ್ತರ ದಶಕದ ನಡುವೆ ಸೊಲ್ಲಾಪುರದ ಕಡೆಯಿಂದ ಪ್ಲೇಟು ಮಾಡುವವರು ಬಂದು ಅವಳ ಹಾಡು ತುಂಬಿಕೊಂಡು ಹೋದರು. ನಮ್ಮ ಕಡೆ ಬರುತ್ತಿದ್ದ ಸಣ್ಣ ಪ್ಲೇಟುಗಳೆಲ್ಲ ನಿಮಿಷಕ್ಕೆ ನಲವತ್ತೈದು ಸುತ್ತು ತಿರುಗುವಂಥವು. ಇವಳದನ್ನು, ಹೆಚ್ಚು ಹಾಡು ಹಿಡಿಯಲಿ ಎಂದು, ನಿಧಾನವಾಗಿ ಮೂವತ್ಮೂರು ಸುತ್ತು ತಿರುಗುವಂತೆ ಮಾಡಿದ್ದರು. ಅದು ನಮಗ್ಯಾರಿಗೂ ಗೊತ್ತಿರಲಿಲ್ಲ. ಹಾಕಿ ಕೇಳಲು ಮನೆಯಲ್ಲಿ ಗ್ರಾಮಫೋನ್ ಪೆಟ್ಟಿಗೆಯೂ ಇರಲಿಲ್ಲ.

ಮೊದಲು ಕೇಳಿದ್ದು ಸಾಲೋಟಗಿಯ ಒಂದು ಮದುವೆಯಲ್ಲಿ. ಮರಕ್ಕೆ ಕಟ್ಟಿದ ಮೈಕಿನ ಭೋಂಗಾದಿಂದ ಒಂದು ಹೆಣ್ಣು ದನಿ ಕಿಚಿಕಿಚಿ ಹಾಡತೊಡಗಿತು. ಹುಡುಗರು ಕುಣಿದರು. ಊಟಕ್ಕೆ ಕುಳಿತಿದ್ದ ಅಕ್ಕ ತುತ್ತು ನಿಲ್ಲಿಸಿ ನನ್ನ ಕಡೆ ನೋಡಿದಳು.

"ಪದ ನಂದ ಐತಿ. ಹಾಡಾಕತ್ತಾಕಿ ಯಾರೋ ತಮ್ಮಾ?"

ಎದ್ದು ಹೋಗಿ ಮೈಕಿನವನನ್ನು ಕೇಳಿದಳು. ಅವನು ನಕ್ಕು ಭೋಂಗಾ ಬಂದ್ ಮಾಡಿ, ಪೆಟ್ಟಿಗೆಯ ಕಡ್ಡಿಯನ್ನು ಮೂವತ್ಮೂರಕ್ಕೆ ಸರಿಸಿದ. ಮುಳ್ಳಿನ ಹತ್ತಿರ ಕಿವಿ ತಂದರೆ ಸಣ್ಣಗೆ ಕೇಳಿಸಿತು, ಅಕ್ಕನ ದನಿ.

"ಇದ ನೋಡ್ರಿ ಅಕ್ಕಾರ, ನಿಮ್ಮ ಖರೆ ದನಿ. ನಾ ಮೊದಲ ತಿಳೀಲಾರದ ನಲವತ್ತೈದಕ್ಕ ಹಾಕಿದ್ದೆ, ಜೋರ ತಿರಗಿ ದನಿ ಸಣ್ಣಾತು. ಮಂದಿಗೆ ಭಾಳ ಸೇರ್ತು. ಹಂಗ ಬಿಟ್ಟೆ."

"ತಪ್ಪ ಅಂತ ಗೊತ್ತಾದ ಮ್ಯಾಲೂ?"

"ಮಂದಿ ಕುಣಿಯಾಕತ್ತ ಮ್ಯಾಲ ತಪ್ಪ ಎಲ್ಲಿಂದ ಬಂತ್ರಿ?"

ಗೊತ್ತಿಲ್ಲದೆ ಮಾಡಿದ್ದನ್ನು ಕ್ಷಮಿಸಬಹುದು. ಗೊತ್ತಿದ್ದೂ ಮಾಡಿದ್ದನ್ನು ಯಾಕೆ ಕ್ಷಮಿಸಲಿ? ಅವನು ಹಾಕಿದ್ದನ್ನು ಕೇಳಿ ತಾಂಬಾದ ಮೈಕಿನವನೂ ಹಾಗೇ ಹಾಕಿದ, ಆಲಮೇಲದವನೂ ಹಾಗೇ ಹಾಕಿದ. ಮುದ್ದೇಬಿಹಾಳ, ಬಾಗೇವಾಡಿ ಮುಟ್ಟುವಷ್ಟರಲ್ಲಿ ಅಕ್ಕ ಎಂದರೆ ಆ ಕಿಚಿಕಿಚಿ ದನಿ ಎಂದಾಗಿತ್ತು. ಪ್ಲೇಟಿನ ಹೆಸರಿನ ಮೇಲೇ ಅವಳಿಗೆ ಸಿಂದಗಿಯಿಂದ ಹಾಡಲು ಕರೆ ಬಂತು.

"ನನ್ನ ದನೀಲೇ ಹಾಡ್ತೇನಿ," ಎಂದಳು. "ಒಮ್ಮಿ ಕೇಳಿದ್ರಂದ್ರ ಆ ಪ್ಲೇಟ ತಾವ ಒಗೀತಾರ ನೋಡ." ಅವಳಿಗೆ ಬೇಕಾದದ್ದು ಅಷ್ಟೇ. ತನ್ನ ಹಾಡನ್ನು ಜನ ಒಮ್ಮೆಯಾದರೂ ತನ್ನ ದನಿಯಲ್ಲಿ ಕೇಳಬೇಕು.

ಸಂಜೆ ಸಿಂದಗಿಯ ಮೈದಾನ ತುಂಬಿತ್ತು. ಮೈಕಿನವ ಸಾಲೋಟಗಿ ಮದುವೆಯವನೇ. ಅಕ್ಕ ಮೊದಲ ಸಾಲು ಎತ್ತಿದಳು. ಅಷ್ಟು ಚಂದ ಅವಳು ಎಂದೂ ಎತ್ತಿರಲಿಲ್ಲ... ಎರಡನೆಯ ಸಾಲಿಗೇ ಸಿಳ್ಳೆ ಬಿತ್ತು.

"ಏ, ಇಕಿ ಅಕಿ ಅಲ್ಲಲೇ!"

"ಪ್ಲೇಟಿನಾಕಿನ್ನ ಕರೀರಿ!"

"ಗಂಡಸಿಗೆ ಸೀರಿ ಉಡಿಸ್ಯಾರೇನಲೇ?"

ಅಕ್ಕ ಹೆದರಲಿಲ್ಲ. ಹಾಡು ನಿಲ್ಲಿಸಿ ಮೈಕಿನವನ ಕಡೆ ತಿರುಗಿ, "ಪ್ಲೇಟ ಮೂವತ್ಮೂರಕ್ಕ ಹಾಕ್ರಿ. ಕೇಳ್ಲಿ ಮಂದಿ," ಅಂದಳು. ಅವನು ಹಾಕಿದ. ಈಗ ತಾನೇ ಹಾಡಿದ ಅದೇ ದಪ್ಪ ದನಿ ಭೋಂಗಾದಿಂದ ಬಂದು ಮೈದಾನದ ಮೇಲೆ ಹರಡಿತು. ಇನ್ನಾದರೂ ಇವರಿಗೆ ತಿಳಿಯುತ್ತದೆ ಎಂದುಕೊಂಡೆ.

"ಬ್ಯಾಟ್ರಿ ಇಳದೈತಲೇ! ಬ್ಯಾಟ್ರಿ ಬದಲಿ ಮಾಡ್ರೋ!"

ಒಬ್ಬ ಕೂಗಿದ, ಮೈದಾನವೆಲ್ಲ ನಕ್ಕಿತು. ಆಗ ಮೈಕ್ ಸೆಟ್ಟು ನಡೆಯುತ್ತಿದ್ದದ್ದು ಬ್ಯಾಟರಿಯ ಮೇಲೆ. ಅದು ಇಳಿದರೆ ಎಂಥ ಹಾಡೂ ಎಳೆದೆಳೆದು ದಪ್ಪವಾಗುತ್ತಿತ್ತು. ಮೈಕಿನವನಿಗೆ ತನ್ನ ಸೆಟ್ಟಿನ ಮರ್ಯಾದೆ ಹೋದೀತೆಂಬ ಚಿಂತೆ. ಕಡ್ಡಿಯನ್ನು ನಲವತ್ತೈದಕ್ಕೆ ಸರಿಸಿಬಿಟ್ಟ. ಕಿಚಿಕಿಚಿ ಶುರುವಾಯಿತು. ಜನ ಟೊಪ್ಪಿಗೆ ಹಾರಿಸಿದರು. ಹಾಡಿದವಳು ಮೇಲೆ ನಿಂತೇ ಇದ್ದಳು, ಒಬ್ಬರೂ ಅವಳ ಕಡೆ ನೋಡಲಿಲ್ಲ.

ಬಸ್ಸಿನಲ್ಲಿ ಒಂದೇ ಮಾತಾಡಿದಳು. "ಬ್ಯಾಟ್ರಿ ಇಳದೈತಿ ಅಂದ್ರಲ್ಲೋ ತಮ್ಮಾ." ನಗುತ್ತಾಳೆಂದುಕೊಂಡೆ. ನಗಲಿಲ್ಲ.

ಮುಂದೆ ಮುದ್ದೇಬಿಹಾಳದಿಂದ ಇಬ್ಬರು ಬಂದರು, ಸನ್ಮಾನ ಮಾಡುತ್ತೇವೆಂದು. "ಹಾಡೂದೇನ ಬ್ಯಾಡ್ರಿ ಅಕ್ಕಾರ. ಶಾಲ ಹೊತ್ಕೊಂಡ ಕುಂತ್ರ ಸಾಕ್ರಿ. ಪ್ಲೇಟ ನಾವ ಹಾಕ್ತೇವಿ."

ಅಕ್ಕ ಅವರಿಗೆ ಚಹಾ ಕೊಟ್ಟು ಕಳಿಸಿದಳು. ನಾನಾಗಿದ್ದರೆ ನೀರೂ ಕೊಡುತ್ತಿರಲಿಲ್ಲ. ಆಮೇಲೆ ಅವಳು ಮಂದಿಯ ಮುಂದೆ ಹಾಡಲಿಲ್ಲ. ಓಣಿಯ ತೊಟ್ಟಿಲ ಕಾರ್ಯಕ್ಕೆ ಬಂದರೂ ಹಿಂದೆ ಕುಳಿತು ಬಾಯಿ ಮುಚ್ಚಿಕೊಂಡಿರುತ್ತಿದ್ದಳು. ಸಾಯುವ ತನಕ ಹಾಗೇ...

ಈಗಿನ ಹುಡುಗರು ದಪ್ಪ ದನಿಯ ಹೆಣ್ಣುಮಕ್ಕಳ ಹಾಡು ಕಿವಿಗೆ ಸಿಕ್ಕಿಸಿಕೊಂಡು ತಲೆದೂಗುತ್ತಾರೆ. "ಏನ ದನಿ ಐತಿ ಮುತ್ಯಾ!" ಎಂದು ನನಗೇ ಹೇಳುತ್ತಾರೆ. ಕೇಳಿ ಸಂತೋಷಪಡಬೇಕು. ನನಗೆ ಸಿಟ್ಟೇ ಬರುತ್ತದೆ. ನಿಮ್ಮ ಅಜ್ಜಂದಿರು ಸಿಳ್ಳೆ ಹೊಡೆದು ಇಳಿಸಿದ್ದು ಇದನ್ನೇ.

ಹೋದ ವಾರ ಆ ಚಹಾದಂಗಡಿಯಿಂದ ಊರಿಗೆ ಬಂದವನು ಎದುರು ಮನೆಗೆ ಹೋದೆ. ಅಕ್ಕನ ಮೊಮ್ಮಗಳು ಇದ್ದಳು, ಅಕ್ಕ ತೀರಿಕೊಂಡ ಮೇಲೆ ಹುಟ್ಟಿದವಳು. ಪ್ಲೇಟು ಎಲ್ಲಿಯೂ ಉಳಿದಿಲ್ಲ. ಯಾರೋ ಹಳೆಯ ಮದುವೆ ಕ್ಯಾಸೆಟ್ಟಿನಿಂದ ಎತ್ತಿ ಹಾಕಿದ ಹಾಡು ಅವಳ ಮೊಬೈಲಿನಲ್ಲಿದೆ. ಹಚ್ಚಿ ತೋರಿಸಿದಳು. "ನಮ್ಮಾಯಿ ದನಿ ಎಷ್ಟ ಸಣ್ಣಂದಿತ್ತಲ್ರಿ ಮುತ್ಯಾ, ಗುಬ್ಬಿಗತೆ!"

ನಡೆದದ್ದನ್ನೆಲ್ಲ ಹೇಳಿದೆ. "ಹಂಗಾರ ನಿಧಾನ ಮಾಡ್ತೇನಿ, ತಡೀರಿ," ಎಂದು ಏನೋ ಒತ್ತಿದಳು. ನಾನು ಬಗ್ಗಿ ಮೊಬೈಲಿಗೆ ಕಿವಿ ಹಚ್ಚಿದೆ. ಹಾಡು ನಿಧಾನವಾಯಿತು. ದನಿ ಮಾತ್ರ ಹಾಗೇ ಸಣ್ಣಗೆ ಉಳಿಯಿತು. ಈಗಿನ ಯಂತ್ರ ಹಾಗಂತೆ, ನಡಿಗೆ ತಗ್ಗಿಸುತ್ತದೆ, ದನಿ ಇಳಿಸುವುದಿಲ್ಲ.

"ಹಿಂಗಿತ್ತೇನ್ರಿ?"

"ಬಂದ್ ಮಾಡ ಅದನ್ನ!" ಎಂದು ಕೂಗಿಬಿಟ್ಟೆ.

ಹುಡುಗಿ ಬೆದರಿ ಮೊಬೈಲು ಕೆಳಗಿಟ್ಟಳು. ಆಮೇಲೆ ಮೆಲ್ಲಗೆ ಕೇಳಿದಳು, "ಮತ್ತ ಹೆಂಗಿತ್ರಿ ಮುತ್ಯಾ?"

ಆ ದನಿ ಕೇಳಿದವರಲ್ಲಿ ಓಣಿಯಲ್ಲಿ ಉಳಿದವನು ನಾನೊಬ್ಬನೇ. "ದಪ್ಪ ಇತ್ತವ್ವಾ," ಅಂದೆ. ಅವಳು ಕಾಯುತ್ತಲೇ ಇದ್ದಳು. ಹಾಗಂದರೆ ಸಾಲದೆಂದು ನನಗೂ ಗೊತ್ತಿತ್ತು.