ಉಂಡ ಮೇಲೆ ಬರೆದ ಹೆಸರು

ಇವತ್ತು ಮಧ್ಯಾಹ್ನ ಆಫೀಸಿನಲ್ಲಿ ಸ್ಟೀಲ್ ಡಬ್ಬಿಯೊಂದು ತೆರೆಯಿತು. ಅಗಸಿ ಹಿಂಡಿಯ, ಅಂದರೆ ಅಗಸೆ ಚಟ್ನಿಪುಡಿಯ, ವಾಸನೆ ಫೈಲುಗಳ ಮೇಲೆಲ್ಲ ಹರಡಿತು. ನಮ್ಮ ಹಳೆಯ ಗುಮಾಸ್ತರು, ಮುನ್ಶಿಯವರು ನೆನಪಾದರು…

ಬೀದರಿನ ನಮ್ಮ ವಕೀಲರ ಆಫೀಸಿನ ಕೆಲಸ ತುಸು ಬೇರೆ. ಬುದ್ಧಿ ಬೆಳವಣಿಗೆ ಕಡಿಮೆಯಿರುವ ಮಕ್ಕಳಿಗೆ ಶಾಲೆಯಲ್ಲಿ ಸೀಟು ಕೊಡಿಸುವುದು, ತಂದೆತಾಯಿಯ ನಂತರ ಅವರನ್ನು ಯಾರು ನೋಡಿಕೊಳ್ಳಬೇಕೆಂದು ಕಾಗದದಲ್ಲಿ ಭದ್ರ ಮಾಡುವುದು. ವಕೀಲರಿಗೆ ನೆರವಾಗುವ ಪ್ಯಾರಾಲೀಗಲ್ ಕೋರ್ಸ್ ಮುಗಿಸಿ ನಾನಲ್ಲಿ ಸೇರಿದಾಗ ಮುನ್ಶಿಯವರಿಗೆ ಅರವತ್ತು ದಾಟಿತ್ತು. ಕಂಪ್ಯೂಟರ್ ಮುಟ್ಟುತ್ತಿರಲಿಲ್ಲ. ನನಗೋ ಜಂಬ. ಇವರಿಂದ ಕಲಿಯುವುದೇನಿದೆ ಅಂದುಕೊಂಡಿದ್ದೆ.

ಆಗ ಹಲಬರ್ಗಾದಿಂದ ವಿಧವೆ ತಾಯಿಯೊಬ್ಬಳು ಬಂದಳು. ಜೊತೆಗೆ ಇಪ್ಪತ್ತು ತುಂಬಿದ, ಎರಡೋ ಮೂರೋ ಮಾತಷ್ಟೇ ಬರುವ ಹಿರಿಯ ಮಗಳು, ಔರಾದಿಗೆ ಮದುವೆ ಮಾಡಿಕೊಟ್ಟ ಕಿರಿಯ ಮಗಳು, ಮತ್ತು ತಾಯಿಯ ಮೈದುನ, ಅಂದರೆ ಹುಡುಗಿಯರ ಕಾಕಾ. ತಾಯಿಗೆ ಹೃದಯದ ಕಾಯಿಲೆ.

"ನಾ ಹೋದ್ ಮ್ಯಾಲ ಇಕಿನ್ನ ಯಾರ್ ನೋಡ್ತಾರ್ರಿ?" ಎಂಬುದೊಂದೇ ಅವಳ ಚಿಂತೆ.

ನಾನು ತಡಮಾಡಲಿಲ್ಲ. ಮನೆಯ ಗಂಡಸು ಎದುರಿಗೇ ಇದ್ದ. ಕೊಟ್ಟ ಹೆಣ್ಣು ಬೇರೆ ಮನೆಯವಳು. ಪೋಷಕರ ಜಾಗದಲ್ಲಿ ಕಾಕಾನ ಹೆಸರು ಹಾಕಿ ಅರ್ಧ ಗಂಟೆಯಲ್ಲಿ ಅರ್ಜಿ ಟೈಪ್ ಮಾಡಿಬಿಟ್ಟೆ. ಯಾರೂ ಅಡ್ಡ ಮಾತಾಡಲಿಲ್ಲ.

ಮುನ್ಶಿಯವರು ಚಷ್ಮಾ ಏರಿಸಿ ಪೂರ್ತಿ ಓದಿದರು. "ಕಾಗದ ಛಂದ ಅದ ತಂಗಿ. ಆದ್ರ ಇದರಾಗ ಆ ಹುಡುಗೀನೇ ಇಲ್ಲಲ್ಲ." ಆಮೇಲೆ ಬಂದವರ ಕಡೆ ತಿರುಗಿ, "ಊಟದ ಹೊತ್ತಾಗ್ಯದ. ಮೊದಲ ಉಣ್ರಿ" ಅಂದರು.

ಬುತ್ತಿ ಬಿಚ್ಚಿದರು. ಕಾಕಾ ಪ್ರೀತಿಯಿಂದಲೇ ತುತ್ತು ಚಾಚಿದ. ಹುಡುಗಿ ಮುಖ ತಿರುಗಿಸಿದಳು. ತಾಯಿ ಚಾಚಿದಳು, ಆಗಲೂ ಬಾಯಿ ಬಿಡಲಿಲ್ಲ. ಕಿರಿಯವಳು ರೊಟ್ಟಿ ಮುರಿದು, ಹಿಂಡಿ ಮೊಸರು ಕಲಸಿ ಹಿಡಿದಾಗ ಮಾತ್ರ ಉಂಡಳು.

"ಈಗ ನೀವೇ ಹೇಳ್ರಿ, ಯಾರ ಹೆಸರು ಬರೀಲಿ?" ಮುನ್ಶಿಯವರು ಕಾಕಾನನ್ನೇ ಕೇಳಿದರು.

ಆತ ಕಿರಿಯವಳ ಕಡೆ ಕೈ ತೋರಿಸಿದ. "ಸಣ್ಣಾಕಿದೇ ಬರೀರಿ. ನಾ ಹಿಂದ ಇರ್ತೇನಿ."

"ನನ್ನ ಯಾರೂ ಕೇಳಲೇ ಇಲ್ಲರಿ" ಅಂದಳು ಕಿರಿಯವಳು, ನನ್ನ ಕಡೆ ನೋಡಿ. ನನ್ನ ಮುಖ ಸಣ್ಣದಾಯಿತು. ಆ ಅರ್ಜಿಯನ್ನು ನಾನೇ ಹರಿದು ಹಾಕಿದೆ.

ಆಮೇಲೆ ಭಾಲ್ಕಿ, ಔರಾದ ಕಡೆಯ ಎಷ್ಟೋ ಮನೆಗಳ ಕಾಗದಗಳು ನನ್ನ ಕೈಯಿಂದ ಹೋಗಿವೆ. ಒಂದೂ ವಾಪಸ್ ಬಂದಿಲ್ಲ. ಇದನ್ನು ಸಂಕೋಚವಿಲ್ಲದೆ ಹೇಳುತ್ತೇನೆ, ಕೆಲಸ ನನಗೆ ಚೆನ್ನಾಗಿ ಬರುತ್ತದೆ. ಬಂದವರ ಜೊತೆ ಒಂದು ಊಟದ ಹೊತ್ತು ಕಳೆಯದೆ ಕೀಬೋರ್ಡ್ ಮುಟ್ಟುವುದಿಲ್ಲ. ಅದನ್ನು ಯಾವ ಕೋರ್ಸೂ ಕಲಿಸಿರಲಿಲ್ಲ.

ಹೋದ ಚಳಿಗಾಲದಲ್ಲಿ ಮುನ್ಶಿಯವರು ತೀರಿಕೊಂಡರು. ಕಿಟಕಿ ಪಕ್ಕದ ಅವರ ಕುರ್ಚಿ ತೆಗೆಯಲು ನಾನು ಬಿಟ್ಟಿಲ್ಲ.

ಇವತ್ತು ಡಬ್ಬಿ ತೆರೆದವರು ಅದೇ ಅಕ್ಕ ತಂಗಿ. ತಾಯಿ ಈಗಿಲ್ಲ. ಅಕ್ಕ ಔರಾದಿನಲ್ಲಿ ತಂಗಿಯ ಮನೆಯಲ್ಲೇ ಇದ್ದಾಳೆ, ಮೈ ತುಂಬಿಕೊಂಡಿದ್ದಾಳೆ. "ನನ್ನ ಹಿಂದ ಇಕಿಗಿ ಯಾರು ಅಂಬೋದೂ ಬರ್ದ್ ಇಡ್ರಿ ಅಕ್ಕೋರೆ" ಅಂದಳು ತಂಗಿ. ನಾನು ಕೀಬೋರ್ಡ್ ಸರಿಸಿ, "ಮೊದಲ ಉಣ್ರಿ" ಅಂದೆ.

ಅಕ್ಕ ಉಣ್ಣಲಿಲ್ಲ. ಮುನ್ಶಿಯವರ ಖಾಲಿ ಕುರ್ಚಿ ನೋಡಿ, "ಮಾಮಾ?" ಅಂದಳು. ಅವರು ನನಗೂ ಬೇಕಾಗಿತ್ತು… ಇನ್ನೂ ಬೇಕಾಗಿತ್ತು.

ಅವಳು ರೊಟ್ಟಿಯ ತುಣುಕೊಂದನ್ನು ಮುರಿದು ಅವರ ಮೇಜಿನ ಮೇಲಿಟ್ಟಳು. ಅವರು ಬರಲೆಂದು ಕಾಯುತ್ತ ಕೂತಳು. ನಾನೂ ಅವಳ ಪಕ್ಕದಲ್ಲಿ ಕೂತೆ.