ಮಗುಚಿ ನೋಡುತ್ತಿದ್ದ ಮಾವ

ನನ್ನ ಸೋದರಮಾವನ ಬಲಗೈ ಹೆಬ್ಬೆರಳು ಚಮಚದ ಹಾಗೆ ಚಪ್ಪಟೆಯಾಗಿತ್ತು. ಸೀರೆಯಲ್ಲಿ ಬುಟ್ಟಾ ಮೂಡಲು ಮಗ್ಗಕ್ಕೆ ಕಟ್ಟುವ ರಟ್ಟಿನ ಕಾರ್ಡುಗಳಿಗೆ ಹಿಂದೂಪುರದಲ್ಲಿ ಮೂವತ್ತು ವರ್ಷ ತೂತು ಹೊಡೆದ ಬೆರಳು ಅದು. ಕಂಪ್ಯೂಟರ್ ಬಂದು ರಟ್ಟಿನ ಕೆಲಸ ಹೋದಾಗ, ಯಾರೋ ಬಿಸಾಕಿದ ಲ್ಯಾಪ್‌ಟಾಪಿಗೆ ಪುಕ್ಕಟೆ ಸಿಗುವ ಲಿನಕ್ಸ್ ಸಿಸ್ಟಂ ಹಾಕಿಕೊಂಡು ಅದರಲ್ಲೇ ಬುಟ್ಟಾ ಬರೆಯುವುದನ್ನು ಕಲಿತ.

ನನಗೆ ಕಲ್ಯಾಣದುರ್ಗದಲ್ಲಿ ಅರ್ಜಿ, ಮದುವೆ ಕಾರ್ಡು ಟೈಪು ಮಾಡುವ ಅಂಗಡಿ. ಕಂಪ್ಯೂಟರಿನಲ್ಲಿದ್ದುದು ಕದ್ದ ಸಾಫ್ಟ್‌ವೇರ್. ಇನ್‌ಶರ್ಟ್ ಮಾಡಿದವರು ಯಾರು ಬಂದರೂ ತಪಾಸಣೆಯೆಂದು ಮಾನಿಟರ್ ಆರಿಸುತ್ತಿದ್ದೆ. ಕೊನೆಗೆ ಆ ಕಂಪ್ಯೂಟರೂ ಕೆಟ್ಟು ಕೂತಿತು. ಕೈಯಲ್ಲಿದ್ದ ದುಡ್ಡಿಗೆ ಒಂದೇ ಲ್ಯಾಪ್‌ಟಾಪ್ ಬರುತ್ತಿತ್ತು. ಅದು ಕೈಕೊಟ್ಟರೆ ಅಂಗಡಿಗೆ ಬೀಗ. ಇನ್ನು ಲಿನಕ್ಸೇ ಸರಿಯೆಂದು ಮಾವನ ಜೊತೆ ಹಿಂದೂಪುರದ ಒಂದು ಶೋರೂಮಿಗೆ ಹೋದೆ.

ಮಾವ ಲ್ಯಾಪ್‌ಟಾಪನ್ನು ಮೊದಲು ಮಗುಚಿ ಹಾಕಿದ. ತಳ ಬಿಚ್ಚಲು ಬರುತ್ತದೋ, ರ‍್ಯಾಮ್ ಬದಲಿಸಬಹುದೋ, ವೈಫೈ ಕಾರ್ಡು ಯಾವ ಕಂಪನಿಯದು ಎಂದು ಕೇಳಿದ. ಯಾರಿಗೂ ಗೊತ್ತಿಲ್ಲ. ಹಾಗಾದರೆ ತನ್ನ ಪೆನ್‌ಡ್ರೈವಿನಿಂದ ಐದು ನಿಮಿಷ ಲಿನಕ್ಸ್ ಓಡಿಸಿ ನೋಡುತ್ತೇನೆ, ಒಳಗಿರುವುದೇನೂ ಅಳಿಯುವುದಿಲ್ಲ ಎಂದ. ಮಾಲೀಕ ಲ್ಯಾಪ್‌ಟಾಪ್ ಕಿತ್ತುಕೊಂಡ.

“ಕೊಂಡ್ಮೇಲೆ ನಿಮ್ಮನೇಲಿ ಏನಾನಾ ಹಾಕ್ಕಳಿ ಯಜಮಾನ್ರೆ. ಇದು ಗುಜರಿ ಅಂಗ್ಡಿ ಅಲ್ಲ.”

“ಸೀರೆ ತಗಳೋಳು ಮಗುಚಿ ಹಿಂದ್ಲ ದಾರ ನೋಡ್ತಾಳೆ, ಯಾವ ನೇಕಾರ್ನೂ ಬ್ಯಾಡ ಅನ್ನಲ್ಲ,” ಎಂದ ಮಾವ. “ಬ್ಯಾಡ ಅಂದ್ರೆ ಏನೋ ಮುಚ್ಚಿಕ್ಕವ್ನೆ ಅಂತ ಕಣಪ್ಪ.”

ನಮ್ಮನ್ನು ಹೊರಗೆ ಕಳಿಸಿದರು. ದುಡ್ಡು ನಮ್ಮದು, ಆದರೆ ನೋಡಿ ಕೊಳ್ಳಬಾರದಂತೆ. ಈಗ ನೆನೆದರೂ ಮೈ ಉರಿಯುತ್ತದೆ. ಆಗ ಮಾತ್ರ ನಾನು ಗೋಡೆಯ ಮೇಲಿನ ಆಫರಿನ ಚೀಟಿ ಓದುತ್ತ ನಿಂತಿದ್ದೆ. ಸಾಲದ್ದಕ್ಕೆ, ಆಫರ್ ಮುಗಿದೀತೆಂಬ ಭಯಕ್ಕೆ ಮಾರನೆಯ ದಿನ ಮಾವನಿಗೆ ಹೇಳದೆ ಕದ್ದು ಹೋಗಿ ಅದೇ ಲ್ಯಾಪ್‌ಟಾಪ್ ಕೊಂಡು ತಂದೆ.

ಲಿನಕ್ಸ್ ಹಾಕಿದರೆ ವೈಫೈ ಇಲ್ಲ; ಒಳಗಿದ್ದ ಕಾರ್ಡು ಲಿನಕ್ಸಿಗೆ ಒಗ್ಗದ ಕಂಪನಿಯದು. ಅರ್ಜಿ ಹಾಕಲು ಬಂದವರು ಎದುರಂಗಡಿಗೆ ನಡೆದರು. ‘ಏನಾದರೂ ಹಾಕಿಕೊಳ್ಳಿ’ ಎಂದಿದ್ದ ಅದೇ ಮಾಲೀಕ, ಬೇರೆ ಸಿಸ್ಟಂ ಹಾಕಿದ್ದೀಯ, ವಾಪಸ್ ತಗೊಳ್ಳುವುದಿಲ್ಲ ಎಂದ. ಎಂಥ ನಾಲಿಗೆ ಅದು.

ಎರಡು ದಿನ ಸುಳ್ಳು ಹೊಂದಿಸಿಕೊಳ್ಳಲು ನೋಡಿ, ಆಗದೆ, ಮಾವನಿಗೆ ಫೋನಿನಲ್ಲಿ ಇದ್ದದ್ದು ಹೇಳಿದೆ. ಬಯ್ಯಲಿಲ್ಲ. ಬಸ್ಸು ಹತ್ತಿ ಬಂದ, ತಳ ಬಿಚ್ಚಿದ, ಬೆರಳಗಲದ ಬೇರೆ ವೈಫೈ ಕಾರ್ಡು ಕೂರಿಸಿದ. ನೆಟ್ ಬಂತು. ಎಲ್ಲಿ ಸಿಕ್ಕಿತು ಎಂದು ಕೇಳಿದೆ.

“ಮನೇಲಿ ಬಿದ್ದಿತ್ತು ಕಣ್ಲಾ. ಮೊದ್ಲು ಬಾಗ್ಲಲ್ಲಿ ನಿಂತೋರ ಕೆಲ್ಸ ನೋಡು.”

ಕಳೆದ ವರ್ಷ ಮಾವ ಎದೆನೋವಿನಿಂದ ತೀರಿಕೊಂಡ. ತಿಥಿ ಮುಗಿದ ಮೇಲೆ ಅತ್ತೆ, ನಿನಗಾದರೂ ಉಪಯೋಗಕ್ಕೆ ಬರಲಿ ಎಂದು ಅವನ ಲ್ಯಾಪ್‌ಟಾಪ್ ಕೊಟ್ಟರು. ತಳ ತೆಗೆದು ನೋಡಿದೆ. ವೈಫೈ ಕಾರ್ಡಿನ ಜಾಗ ಖಾಲಿ.

ಅತ್ತೆಗೆ ಇದೆಲ್ಲ ತಿಳಿಯದು. “ನಿಮ್ಮೂರಿಗೆ ಬಂದೋದ್ಮ್ಯಾಗೆ ಒಂದೊಂದು ಡಿಸೈನ್ ಕಳ್ಸಕ್ಕೂ ನೆಟ್ ಸೆಂಟರ್‌ಗಂಟ ನಡೀತಿದ್ರಪ್ಪ,” ಎಂದರು. “ಯಾಕೆ ಅಂತ ಕೇಳುದ್ರೆ, ಕಾಲಿಗೆ ಒಳ್ಳೇದು ಅನ್ನೋರು.”